ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು: ಶಿರಸಿಯಲ್ಲಿ ಮಾಡಿಸಿದ ಹಲಸಿನ ಹೂಜಿ

ಶಿರಸಿಯಲ್ಲಿ ಲೇತ್, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಇಟ್ಟುಕೊಂಡವರಿಗೆ ಕೆಲಸದ ಬರ ಇಲ್ಲ. ಮಂಚದ ಕಾಲು, ಮೆಟ್ಟಿಲ ಕಟಕಟೆ, ತೊಟ್ಟಿಲ ಕಂಬ, ಲಟ್ಟಣಿಗೆ, ಹೀಗೆ ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಇವೆಲ್ಲ ಹೊರಮೈ ಕಡೆಯುವ ಕೆಲಸ. ಒಳಗೆಲ್ಲ ಟೊಳ್ಳು ಮಾಡಿ, ಬಾಯಿ ಮಾತ್ರ ಹೆಬ್ಬೆರಳು ಹೋಗುವಷ್ಟು ಬಿಟ್ಟು ಒಂದು ಹೂಜಿ ಮಾಡಿಕೊಡಿ ಅಂದರೆ ಹೆಚ್ಚಿನವರು ಕೈ ಮುಗಿಯುತ್ತಾರೆ. ಬನವಾಸಿ ರಸ್ತೆಯ ಈ ಅಂಗಡಿಯವರು ಮುಗಿಯಲಿಲ್ಲ. 'ಮರ ತಂದು ತೋರಿಸಿ ಹೆಗಡೇರೇ, ಆಮೇಲೆ ಮಾತು' ಅಂದರು. ಅಂಗಡಿಗೆ ಬೋರ್ಡಿಲ್ಲ. ಇರುವ ಗಿರಾಕಿಗಳಿಗೇ ಪೂರೈಸುತ್ತಿಲ್ಲ, ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಹಾಕಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಕಡೆದ ಕೆಲಸಕ್ಕೆ ಪೂರ್ತಿ ಅಂಕ. ಫಿನಿಶಿಂಗ್‌ಗೆ ಮುಕ್ಕಾಲು. ಹೇಳಿದ ದಿನಕ್ಕೆ ಕೊಡುವ ವಿಷಯದಲ್ಲಿ ಸೊನ್ನೆ.

ನಾನು ಹವ್ಯಾಸಿ ಮದ್ದಳೆಗಾರ. ಟೊಳ್ಳು ಮರದ ಜೊತೆ ಹಳೇ ಒಡನಾಟ. ಮದ್ದಳೆಯ ಕಳಸಿಗೆಯನ್ನೂ, ಅಂದರೆ ಅದರ ಮರದ ಒಡಲನ್ನೂ, ಹಲಸಿನ ಮರದಲ್ಲೇ ಮಾಡುತ್ತಾರೆ. ಆದರೆ ಅದಕ್ಕೆ ಎರಡೂ ಕಡೆ ಬಾಯಿ. ಉಳಿ ಆ ಕಡೆಯಿಂದಲೂ ಹೋಗುತ್ತದೆ, ಈ ಕಡೆಯಿಂದಲೂ ಹೋಗುತ್ತದೆ, ಬಗ್ಗಿ ನೋಡಿದರೆ ಒಳಗೆಲ್ಲ ಕಾಣುತ್ತದೆ. ಹೂಜಿಯಲ್ಲಿ ಆ ಸೌಕರ್ಯ ಇಲ್ಲ. ಕಡೆಯುವವನಿಗೆ ತನ್ನ ಉಳಿಯ ಮೊನೆಯೇ ಕಾಣುವುದಿಲ್ಲ. ನನಗೆ ಕುತೂಹಲ ಇದ್ದದ್ದೇ ಅಲ್ಲಿ.

ಮರ ನಮ್ಮ ತೋಟದ್ದೇ. ಗಾಳಿಗೆ ಬಿದ್ದ ಹಳೇ ಹಲಸು, ಒಳಗೆ ಒಳ್ಳೇ ಹಳದಿ ಚೇಗು, ಅಂದರೆ ಬಲಿತ ಗಟ್ಟಿ ಮರ. ಅಂಗಡಿಯ ಆಚಾರ್ರು ದಿಮ್ಮಿಯ ತುಂಡನ್ನು ಉದ್ದಕ್ಕೆ ಸೀಳಿಸಿದರು, ನಡುವಿನ ತಿರುಳನ್ನು ಬಿಟ್ಟು ಪಕ್ಕದ ಭಾಗ ಆರಿಸಿಕೊಂಡರು. ತಿರುಳು ಪಾತ್ರೆಯ ತಳದಲ್ಲಿ ಉಳಿದರೆ ಒಣಗುವಾಗ ಅಲ್ಲಿಂದಲೇ ಸೀಳು ಬಿಡುತ್ತದೆ. ಹಸಿ ಇರುವಾಗಲೇ ಲೇತಿಗೆ ಏರಿಸಿ, ಹೊರಗಿನ ಆಕಾರ ಬಿಡಿಸಿ, ಒಳಗನ್ನೂ ದಪ್ಪ ದಪ್ಪವಾಗಿ ತೆಗೆದರು. ಗೋಡೆಯ ದಪ್ಪ ಅಗಲದ ಹತ್ತನೇ ಒಂದು ಭಾಗದಷ್ಟು ಇರಬೇಕು ಅನ್ನುವುದು ಈ ಕಸುಬಿನ ಲೆಕ್ಕ. ನನ್ನದು ಎಂಟು ಇಂಚು ಅಗಲ, ಹಾಗಾಗಿ ಮುಕ್ಕಾಲು ಇಂಚು ಚಿಲ್ಲರೆ ಉಳಿಸಿದರು. ಎಳೆಗಳು ಕಡಿದು ಕಾಣುವ ಜಾಗಕ್ಕೆ, ಅಂದರೆ ಬಾಯಿ ಮತ್ತು ತಳಕ್ಕೆ, ಮೇಣ ಬಳಿದರು. ನೀರು ಬೇಗ ಆರಿಹೋಗುವುದು ಅಲ್ಲಿಂದಲೇ. ಆಮೇಲೆ ಒಂದು ಗೋಣಿಯಲ್ಲಿ ಮರದ ಹೊಟ್ಟಿನ ನಡುವೆ ಹೂತಿಟ್ಟರು.

ಇಲ್ಲಿಂದ ಶುರು ನನ್ನ ತಕರಾರು. ದೀಪಾವಳಿಗೆ ಕೊಡುತ್ತೇನೆ ಅಂದವರು ಕೊಟ್ಟದ್ದು ಸಂಕ್ರಾಂತಿ ಕಳೆದ ಮೇಲೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ 'ಇನ್ನೂ ಒಣಗಲಿಲ್ಲ' ಅನ್ನುವ ಒಂದೇ ಮಾತು. ಒಮ್ಮೆ ಸಿಟ್ಟಿನಲ್ಲೇ ಹೋದೆ. ಆಚಾರ್ರು ಸುಮ್ನೆ ಪಾತ್ರೆ ಹೊರತೆಗೆದು ತಕ್ಕಡಿಯ ಮೇಲಿಟ್ಟರು. ತಳದಲ್ಲಿ ಪೆನ್ಸಿಲಿನಿಂದ ಬರೆದ ತೂಕಗಳ ಸಾಲೇ ಇತ್ತು, ಒಂದಕ್ಕಿಂತ ಒಂದು ಕಡಿಮೆ. ತೂಕ ಇಳಿಯುವುದು ನಿಂತ ಮೇಲೆಯೇ ಮುಂದಿನ ಕೆಲಸವಂತೆ. ಸರಿಯಾದ ಕ್ರಮವೇ. ನಮ್ಮ ಮಳೆಗಾಲದಲ್ಲಿ ಹಗ್ಗದ ಮೇಲಿನ ಪಂಚೆಯೇ ಒಣಗುವುದಿಲ್ಲ, ಇನ್ನು ಹಲಸಿನ ದಿಮ್ಮಿ ಒಣಗುತ್ತದಾ? ಆದರೂ ಅದನ್ನು ಮೊದಲೇ ಹೇಳಬಹುದಿತ್ತು ಅಲ್ವಾ? ಕಾಯುವುದಕ್ಕೆ ನನ್ನ ಅಡ್ಡಿ ಇಲ್ಲ, ಸುಳ್ಳು ತಾರೀಕಿಗೆ ಇದೆ.

ಒಣಗಿದ ಮೇಲೆ ನೋಡಿದರೆ ದುಂಡಗಿದ್ದ ಬಾಯಿ ಮೊಟ್ಟೆಯಾಕಾರ ಆಗಿತ್ತು. ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ಉಂಗುರಗಳಿಗೆ ಅಡ್ಡಲಾಗಿ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಗೋಡೆ ದಪ್ಪ ಬಿಟ್ಟದ್ದು ಇದಕ್ಕೇ. ಈಗ ಮತ್ತೆ ಲೇತಿಗೆ ಕಟ್ಟಿ ದುಂಡು ಮಾಡಲು ಮರ ಉಳಿದಿರುತ್ತದೆ.

ಎರಡನೇ ಸಲ ಒಳಗೆ ಕೊರೆಯುವಾಗ ಎದುರಿಗೆ ಕೂತು ನೋಡಲು ಬಿಟ್ಟರು. ಇದಕ್ಕೆ ಬೇರೆಯೇ ಅಂಕ ಕೊಡಬೇಕು. ಬಾಯಿಯ ಹತ್ತಿರಕ್ಕೆ ನೇರ ಉಳಿ. ಹೆಗಲಿನ, ಅಂದರೆ ಕತ್ತಿನ ಕೆಳಗೆ ಅಗಲವಾಗುವ ಭಾಗದ, ಒಳಬದಿಗೆ ತುದಿ ಬಾಗಿದ ಕೊಕ್ಕೆ ಉಳಿ. ಕೊಕ್ಕೆಯದ್ದು ಉದ್ದನೆಯ ಕಬ್ಬಿಣದ ಸರಳು, ತುದಿಯಲ್ಲಿ ಕಿರುಬೆರಳ ಉಗುರಿನಷ್ಟು ಗಟ್ಟಿ ಉಕ್ಕಿನ ತುಣುಕು. ಉಳಿ ಊರುವ ಆಸರೆಯ ಪಟ್ಟಿ ಹೊರಗೆ, ಕತ್ತರಿಸುವ ತುದಿ ಎಷ್ಟೋ ಒಳಗೆ. ಸ್ವಲ್ಪ ಹೆಚ್ಚು ಕಚ್ಚಿದರೆ ಸರಳು ಕೈಯಿಂದ ಹಾರುತ್ತದೆ, ಇಲ್ಲವೇ ಪಾತ್ರೆ ಒಡೆಯುತ್ತದೆ. ಅದಕ್ಕೆ ಹಿಡಿ ಅಷ್ಟು ಉದ್ದ. ಅದನ್ನು ಕಂಕುಳಿಗೆ ಒತ್ತಿಕೊಂಡು ಇಡೀ ಮೈಯನ್ನೇ ತಿರುಗಿಸುತ್ತಾರೆ. ಆಗಾಗ ಲೇತ್ ನಿಲ್ಲಿಸಿ ಪೈಪಿನ ಗಾಳಿಯಿಂದ ಒಳಗಿನ ಹೊಟ್ಟು ಊದುತ್ತಾರೆ. ಊದದಿದ್ದರೆ ಹೊಟ್ಟು ಒತ್ತಿ ಕೂತು ಉಳಿ ಸಿಕ್ಕಿಕೊಳ್ಳುತ್ತದೆ.

ದಪ್ಪ ಅಳೆಯಲು ಬಾಗಿದ ತಂತಿಯ ಕ್ಯಾಲಿಪರ್ ಇದೆ. ಆದರೆ ಆಚಾರ್ರ ಅಸಲಿ ಅಳತೆ ಕಿವಿ. ಗೋಡೆ ತೆಳುವಾಗುತ್ತಾ ಹೋದಂತೆ ಉಳಿಯ ಸದ್ದು ಬದಲಾಗುತ್ತದೆ. ನಾನು ಕಣ್ಣು ಮುಚ್ಚಿ ಕೇಳಿದೆ. ದಪ್ಪ ಇದ್ದಲ್ಲಿ ಮಂದ ಗೊರಗೊರ, ತೆಳುವಾದಲ್ಲಿ ಸದ್ದು ಟೊಳ್ಳಾಗಿ ಅರಳುತ್ತದೆ. 'ಈಗ ಹೆಗಲು ಇನ್ನೂ ದಪ್ಪ ಇದೆ' ಅಂದೆ. ಆಚಾರ್ರು ನಕ್ಕು ಕ್ಯಾಲಿಪರ್ ಹಾಕಿದರು. ಇತ್ತು. ಮದ್ದಳೆ ಬಾರಿಸಿದ್ದು ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂತು!

ಮನೆಗೆ ತಂದ ಮೇಲೆ ಬೆರಳು ಹಾಕಿ ತಡವಿದೆ. ಕಣ್ಣಿಗೆ ಕಾಣದ ಹೆಗಲಿನ ಒಳಭಾಗದಲ್ಲೂ ಮೆಟ್ಟಿಲು ಇಲ್ಲ, ತರಿ ಇಲ್ಲ. ಬಾಯಿಯಿಂದ ತಳದವರೆಗೆ ಒಂದೇ ಸಮ ಕಾಲು ಇಂಚು. ಕೊಟ್ಟ ದುಡ್ಡಿನ ಬೆಲೆ ಇಲ್ಲಿದೆ. ಮೇಳದ ಮಳಿಗೆಗಳಲ್ಲಿ ಸಿಗುವ ಹೂಜಿಗಳನ್ನು ಎತ್ತಿ ನೋಡಿ. ಕೆಲವು ಕಲ್ಲಿನಷ್ಟು ಭಾರ, ಯಾಕೆಂದರೆ ಒಳಗೆ ಕೊರೆದದ್ದು ಬರೀ ಒಂದು ತೂತು. ಇನ್ನು ಕೆಲವನ್ನು ಎರಡು ಹೋಳು ಮಾಡಿ, ಬೇರೆ ಬೇರೆ ಕೊರೆದು, ಅಂಟಿಸಿರುತ್ತಾರೆ. ಅಂಟು ಕಾಣದಂತೆ ಸುತ್ತ ಒಂದು ಗೀರು ಎಳೆದು ಚಂದ ಮಾಡಿರುತ್ತಾರೆ. ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಗೀರಿನ ಮೇಲೂ ಕೆಳಗೂ ಮರದ ಎಳೆ ಕೂಡಿ ಬರುತ್ತದಾ ನೋಡಿ, ಗೊತ್ತಾಗುತ್ತದೆ.

ಈಗ ಕಳೆದ ಆ ಕಾಲು ಅಂಕದ ಮಾತು. ಹೊಟ್ಟೆಯ ಭಾಗ ರೇಷ್ಮೆ. ಆದರೆ ಕತ್ತಿನ ಬುಡದಲ್ಲಿ ಬೆಳಕಿಗೆ ಹಿಡಿದರೆ ಸುತ್ತಲೂ ಉಂಗುರ ಉಂಗುರ ಗೀರು. ಸ್ಯಾಂಡ್ ಪೇಪರನ್ನು 120ರಿಂದ ಶುರು ಮಾಡಿ 180, 240, 320, 400 ಅಂತ, ಒರಟಿನಿಂದ ನಯದ ಕಡೆಗೆ, ಮೆಟ್ಟಿಲು ಬಿಡದೆ ಏರಬೇಕು. ನಡುವೆ ಲೇತ್ ನಿಲ್ಲಿಸಿ ಎಳೆಯ ಗುಂಟ ಕೈಯಲ್ಲಿ ಉಜ್ಜಬೇಕು. ಕತ್ತಿನ ಹತ್ತಿರ ಯಾರೋ ಹುಡುಗನ ಕೈಗೆ ಕೊಟ್ಟು ಬೇಗ ಮುಗಿಸಿದ ಹಾಗಿದೆ. ಎಣ್ಣೆ ಕೊಟ್ಟ ಮೇಲೆ ಇಂಥ ಗೀರು ಮುಚ್ಚುವುದಿಲ್ಲ, ಜಾಸ್ತಿ ಎದ್ದು ಕಾಣುತ್ತದೆ. ಹೇಳಿದೆ. 'ತನ್ನಿ, ಸರಿ ಮಾಡಿ ಕೊಡ್ತೆ' ಅಂದರು. ಮತ್ತೆ ಸಂಕ್ರಾಂತಿಯವರೆಗೆ ಕಾಯಲು ನಾನು ತಯಾರಿಲ್ಲ.

ನನಗೆ ಚನ್ನಪಟ್ಟಣದ ಬೊಂಬೆಗಳ ಹಾಗೆ ಅರಗಿನ ಹೊಳಪು ಬೇಕಿತ್ತು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ. ಆದರೆ ಅಲ್ಲಿ ಬಳಸುವುದು ಬಿಳೀ ಹಾಲೆ ಮರ. 'ಈ ಹಳದಿ ಮೇಲೆ ಬಣ್ಣ ಬಳೀಲಿಕ್ಕೆ ಹಲಸು ಯಾಕೆ ತರಬೇಕಿತ್ತು?' ಅಂತ ಆಚಾರ್ರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಗಸೆ ಎಣ್ಣೆ ಕೊಟ್ಟು, ಒಂದೊಂದು ಕೈಯೂ ಒಣಗಲು ಬಿಟ್ಟು, ಕೊನೆಗೆ ಜೇನುಮೇಣ ಉಜ್ಜಿದರು. ಎಣ್ಣೆ ಒರೆಸಿದ ಬಟ್ಟೆಗಳನ್ನು ಹೊರಗೆ ತಂತಿಗೆ ಬಿಡಿಸಿ ಹಾಕಿದ್ದು ನೋಡಿ ಖುಷಿಯಾಯಿತು. ಮುದ್ದೆ ಮಾಡಿ ಮೂಲೆಗೆ ಎಸೆದರೆ ಅಗಸೆ ಎಣ್ಣೆಯ ಬಟ್ಟೆ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು.

ಕರಾವಳಿಯ ನೆಂಟರೊಬ್ಬರು ಇದಕ್ಕೆ ತೆಂಗಿನೆಣ್ಣೆ ಹಚ್ಚಿ ಅಂದರು. ಹಚ್ಚಬೇಡಿ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ, ತೆಂಗಿನೆಣ್ಣೆ ಕಟ್ಟುವುದಿಲ್ಲ. ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ, ಆಮೇಲೆ ಕಮಟು ವಾಸನೆ. ಹೂಜಿ ಅಂತ ನೀರನ್ನೂ ತುಂಬಬೇಡಿ. ಇದು ಒಣಗಿದ ಹೂವು ಇಡಲಿಕ್ಕೆ, ಇಲ್ಲವೇ ಸುಮ್ನೆ ನೋಡಲಿಕ್ಕೆ. ಮಳೆಗಾಲದಲ್ಲಿ ಬೂಸು ಹಿಡಿದರೆ ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಚೂರು ಮೇಣ ಉಜ್ಜಿದರೆ ಸಾಕು. ಈಗಿನ ಹಳದಿ ಬಣ್ಣ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ, ಬೆಳಕಿಗೆ ವರ್ಷ ಕಳೆದಂತೆ ಕಂದಾಗುತ್ತದೆ.

ಕೂಲಿ 2,800 ರೂಪಾಯಿ, ಮರ ನನ್ನದು. ಮನೆಯಲ್ಲಿ 'ಇಷ್ಟಕ್ಕೆ ಇಷ್ಟಾ?' ಅಂದರು. ಕೊರೆಯುವುದನ್ನು ಎದುರಿಗೆ ಕೂತು ನೋಡಿದ ನನಗೆ ಹೆಚ್ಚು ಅನಿಸಲಿಲ್ಲ. ಮೇಲೆ ಕೆತ್ತನೆ ಬೇಕು ಅಂದರೆ ಇವರು ಮಾಡುವುದಿಲ್ಲ, ಗುಡಿಗಾರರ ಹತ್ತಿರ ಕಳಿಸುತ್ತಾರೆ. ಶಿರಸಿಯಲ್ಲಿ ಅದಕ್ಕೇನೂ ಕೊರತೆ ಇಲ್ಲವಲ್ಲ. ಆದರೆ ಗೋಡೆ ಕಾಲೇ ಇಂಚು, ಕೆತ್ತನೆ ಬೇಕಿದ್ದರೆ ಮೊದಲೇ ಹೇಳಿ ದಪ್ಪ ಬಿಡಿಸಿಕೊಳ್ಳಿ.

ಕೆಲಸ ಕೊಡುವವರಿದ್ದರೆ ಬೇಸಿಗೆ ಶುರುವಾಗುವಾಗಲೇ ಮರ ತಲುಪಿಸಿ, ಮಳೆಗೆ ಮುಂಚೆ ಸ್ವಲ್ಪವಾದರೂ ಆರುತ್ತದೆ. ಮುಂಗಡ ಅರ್ಧ ಮಾತ್ರ ಕೊಡಿ. ಉಳಿದದ್ದನ್ನು ಕೊಡುವ ಮೊದಲು ಬಾಗಿಲ ಬೆಳಕಿಗೆ ಹಿಡಿದು ಕತ್ತಿನ ಬುಡ ನೋಡಿ.