ಕಾಡು, ಜೌಗು, ಬಯಲು: ಬೇಟೆಯ ಕ್ಯಾಮೊಫ್ಲಾಜ್ ವಿನ್ಯಾಸಗಳ ಹೋಲಿಕೆ

ಬೇಟೆಯ ಕ್ಯಾಮೊಫ್ಲಾಜ್ ಉಡುಪು, ಅಂದರೆ ಸುತ್ತಲಿನೊಡನೆ ಬೆರೆತು ಮನುಷ್ಯನನ್ನು ಮರೆಮಾಚುವ ಉಡುಪು, ಕೊಳ್ಳುವಾಗ ಬಟ್ಟೆಯನ್ನು ಕೈಯಲ್ಲಿ ಹಿಡಿದು, ಅದರ ಮೇಲಿನ ಎಲೆ, ತೊಗಟೆಗಳು ಎಷ್ಟು ನೈಜವಾಗಿವೆ ಎಂದು ನೋಡುವುದು ವಾಡಿಕೆ. ಪ್ರಾಣಿಯಾದರೋ ಅದನ್ನು ಬಹು ದೂರದಿಂದ ನೋಡುತ್ತದೆ. ದೂರ ಹೆಚ್ಚಿದಂತೆ ಸಣ್ಣ ಗೆರೆಗಳೆಲ್ಲ ಒಂದರೊಳಗೊಂದು ಕಲೆತು, ಉಡುಪು ಒಂದೇ ಬಣ್ಣದ ಮುದ್ದೆಯಂತಾಗಿ, ಮನುಷ್ಯನ ತಲೆ ಮತ್ತು ಹೆಗಲಿನ ಆಕಾರ ಎದ್ದು ಕಾಣತೊಡಗುತ್ತದೆ. ಆದ್ದರಿಂದ ಚಿತ್ರದ ಸೂಕ್ಷ್ಮತೆಗಿಂತ, ಆ ಆಕಾರವನ್ನು ಒಡೆಯಬಲ್ಲ ನೆರಳು ಬೆಳಕಿನ ದೊಡ್ಡ ಪಟ್ಟೆಗಳಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎತ್ತರದ ಮರಗಳ ಬುಡದಲ್ಲಿ, ತರಗೆಲೆಯ ನಡುವೆ ಕೂರುವವರಿಗೆ ಮಾಸಿ ಓಕ್ ಸಂಸ್ಥೆ 1986ರಲ್ಲಿ ತಂದ ಬಾಟಮ್‌ಲ್ಯಾಂಡ್ ವಿನ್ಯಾಸ ಇಂದಿಗೂ ಉತ್ತಮ ಆಯ್ಕೆ. ಅದರ ಕಂದು, ಬೂದು, ಕಪ್ಪು ಬಣ್ಣಗಳು ತೊಗಟೆಯ ನೆರಳಿನೊಡನೆ ಸಹಜವಾಗಿ ಬೆರೆಯುತ್ತವೆ. ಆದರೆ ಒಣಹುಲ್ಲಿನ ಬಯಲಿನಲ್ಲಿ ಅದು ಕಪ್ಪು ಕಲೆಯಂತೆ ಕಾಣುತ್ತದೆ. ಹತ್ತಿಯ ಬಟ್ಟೆ ಮಳೆಯಲ್ಲಿ ನೆನೆದರಂತೂ ಪಟ್ಟೆಗಳ ವ್ಯತ್ಯಾಸವೇ ಮಂಕಾಗುತ್ತದೆ. ಕೊಂಬೆ ಮತ್ತು ಎಲೆಗಳೆರಡೂ ಇರುವ ರಿಯಲ್‌ಟ್ರೀ ಸಂಸ್ಥೆಯ ಎಡ್ಜ್ ವಿನ್ಯಾಸ ಮಿಶ್ರ ಕಾಡಿಗೆ ಸಾಕಷ್ಟು ಹೊಂದುತ್ತದೆ.

ಜೌಗಿನ ಮಾತು ಬೇರೆ. ಒಣಗಿದ ಜೊಂಡು ಮತ್ತು ಕೊಯ್ಲಾದ ಜೋಳದ ಕೂಳೆಯ ನಡುವೆ ರಿಯಲ್‌ಟ್ರೀ ಮ್ಯಾಕ್ಸ್-5 ಚೆನ್ನಾಗಿ ಒಪ್ಪುತ್ತದೆ, ಹಸಿರು ಜೊಂಡಿನಲ್ಲಿ ಒಪ್ಪುವುದಿಲ್ಲ. ಬಾತುಕೋಳಿಗಳ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ನಾಲ್ಕು ಬಗೆಯವು, ನಮಗಿರುವುದು ಮೂರೇ. ಹಾಗಾಗಿ ಇಲ್ಲಿ ಬಣ್ಣದ ಹೊಂದಾಣಿಕೆಯನ್ನು ಕಡೆಗಣಿಸುವಂತಿಲ್ಲ. ಮೇಲಿನಿಂದ ಹಾರಿಬರುವ ಹಕ್ಕಿಗೆ, ತಲೆಯೆತ್ತಿದ ಬರಿಯ ಮುಖ ಎಂಥ ಉಡುಪನ್ನೂ ನಿಷ್ಫಲಗೊಳಿಸುತ್ತದೆ.

ಬಂಡೆಗಳ ಇಳಿಜಾರಿಗೆ ಮತ್ತು ಮರಗಳಿಲ್ಲದ ಎತ್ತರದ ಪ್ರದೇಶಗಳಿಗೆ ಸಿಟ್ಕಾ ಸಂಸ್ಥೆಯ ಆಪ್ಟಿಫೇಡ್ ಓಪನ್ ಕಂಟ್ರಿ ವಿನ್ಯಾಸವನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಇದರಲ್ಲಿ ಎಲೆಯೂ ಇಲ್ಲ, ಕೊಂಬೆಯೂ ಇಲ್ಲ. ಪ್ರಾಣಿಗಳ ದೃಷ್ಟಿಯನ್ನು ಅಧ್ಯಯನ ಮಾಡಿದ ಜೇ ನೈಟ್ಜ್ ಅವರ ನೆರವಿನಿಂದ, ಗೊರಸಿನ ಪ್ರಾಣಿಗಳ ಕಣ್ಣನ್ನೇ ಗಮನದಲ್ಲಿಟ್ಟು ರೂಪಿಸಿದ ಚುಕ್ಕೆ ಮತ್ತು ಪಟ್ಟೆಗಳಷ್ಟೇ ಇವೆ. ಕೈಯಲ್ಲಿ ಹಿಡಿದು ನೋಡಿದರೆ ಯಾವ ಪರಿಸರವನ್ನೂ ಹೋಲದ ಈ ಬಟ್ಟೆ ದೂರದಿಂದ ಆಕಾರವನ್ನು ಚೆನ್ನಾಗಿ ಒಡೆಯುತ್ತದೆ. ದಟ್ಟ ಹಸಿರಿನ ಕಾಡಿನಲ್ಲಿ ಮಾತ್ರ ಬಿಳಿಚಿಕೊಂಡು ಕಾಣುತ್ತದೆ.

ಜಿಂಕೆಗಳ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆಯವು. ಕಿತ್ತಳೆಯನ್ನು ಹಸಿರಿನಿಂದ ಬೇರ್ಪಡಿಸಿ ನೋಡುವುದು ಅವಕ್ಕೆ ಕಷ್ಟ. ಆದ್ದರಿಂದ ಸುರಕ್ಷತೆಗಾಗಿ ತೊಡುವ ಕಿತ್ತಳೆ ಬಣ್ಣದ ಮೇಲಂಗಿಯನ್ನು ಕ್ಯಾಮೊಫ್ಲಾಜ್ ಕೆಡುತ್ತದೆಂಬ ಅಂಜಿಕೆಯಿಂದ ಬಿಡಬೇಕಾಗಿಲ್ಲ. ನೀಲಿ ಬಣ್ಣವನ್ನಾದರೆ ಅವು ಚೆನ್ನಾಗಿ ಗುರುತಿಸುತ್ತವೆ. ಬಟ್ಟೆ ಬೆಳ್ಳಗೆ ಹೊಳೆಯಲೆಂದು ಸಾಬೂನು ಪುಡಿಗೆ ಸೇರಿಸುವ ರಾಸಾಯನಿಕಗಳು ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುವುದರಿಂದ, ಈ ಉಡುಪುಗಳಲ್ಲಿ ಯಾವುದನ್ನು ಕೊಂಡರೂ ಅಂಥ ಪುಡಿಯಲ್ಲಿ ಒಗೆಯಬಾರದು.