ಬೈಪಾಸ್ ಆಯಿಲ್ ಫಿಲ್ಟರ್ ಹಾಕ್ಸೋಕ್ ಮುಂಚೆ ಒಂದ್ಸಲ ಇದನ್ನ ಓದಿ

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಟಿಟಿ (ಟೆಂಪೋ ಟ್ರಾವೆಲರ್), ಪಿಕಪ್, ಟಿಪ್ಪರ್ ಇಟ್ಕೊಂಡಿರೋರು ಎಲ್ರೂ ದಯವಿಟ್ಟು ಓದಿ. ಬೈಪಾಸ್ ಆಯಿಲ್ ಫಿಲ್ಟರ್ ಅಂತ ಇಂಜಿನ್ ಆಯಿಲ್ ಸೋಸೋ ಒಂದು ಅಲ್ಯೂಮಿನಿಯಂ ಡಬ್ಬಿ ಹಿಡ್ಕೊಂಡು ಸ್ಟ್ಯಾಂಡ್ ಸ್ಟ್ಯಾಂಡಿಗೂ ಬರ್ತಾ ಇದಾರೆ. "ಇನ್ಮೇಲೆ ಆಯಿಲ್ ಚೇಂಜೇ ಬೇಡ ಸರ್, ಬರೀ ಟಾಪಪ್ಪು" ಅಂತಾರೆ. 18,500 ರೂಪಾಯಿ ಕೊಟ್ಟು ನಮ್ ಟಿಟಿಗೆ ಹಾಕ್ಸಿದ್ದಾಯ್ತು. ಈಗ ಗಾಡಿ ಹಾಫ್ ಇಂಜಿನ್ ಕೆಲ್ಸಕ್ಕೆ ಬಿಚ್ಕೊಂಡು ಗ್ಯಾರೇಜಲ್ಲಿ ನಿಂತಿದೆ, ಅದೂ ಅಯ್ಯಪ್ಪ ಸೀಸನ್ನಲ್ಲಿ. ಶಬರಿಮಲೆ ಬುಕಿಂಗ್ ಎಲ್ಲಾ ಬೇರೆಯವ್ರಿಗೆ ಹೋಯ್ತು, ಇಎಂಐ ಮಾತ್ರ ತಪ್ಪದೆ ಕಟ್ ಆಗ್ತಾ ಇದೆ. ಸ್ಟ್ಯಾಂಡಲ್ಲಿ ನನ್ ಕಂಡ್ರೆ ಸಾಕು "ಏನಣ್ಣ, ಆಯಿಲ್ ಕ್ಲೀನಾಗಿದ್ಯಾ" ಅಂತ ನಗ್ತಾರೆ.

ಒಂದ್ ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಬೈಪಾಸ್ ಫಿಲ್ಟರ್ ಅನ್ನೋದೇ ಬೋಗಸ್ಸು ಅಂತ ನಾನ್ ಹೇಳ್ತಿಲ್ಲ. ದೊಡ್ಡ ಕಮ್ಮಿನ್ಸ್ ಇಂಜಿನ್‌ಗಳಲ್ಲಿ, ಜನರೇಟರು ಡಂಪರು ಅಂಥದ್ರಲ್ಲಿ, ಕಂಪನಿಯಿಂದಾನೇ ಬರ್ತಿತ್ತು. ಅಷ್ಟ್ಯಾಕೆ, ನಮ್ ಕಡೆ ಕಾಫಿ ತೋಟಗಳಲ್ಲಿ ಹಳೇ ವಿಲ್ಲೀಸ್ ಜೀಪ್ ನೋಡಿದೀರಲ್ಲ, ಇಂಜಿನ್ ಪಕ್ಕ ಒಂದು ಉದ್ದನೆ ಡಬ್ಬಿ ಇರುತ್ತೆ, ಅದು ಬೈಪಾಸ್ ಫಿಲ್ಟರೇ. ನಮ್ ಗಾಡೀಲಿರೋ ಮಾಮೂಲಿ ಫಿಲ್ಟರ್ ಇದ್ಯಲ್ಲ, ಪಂಪಿಂದ ಬಂದ ಆಯಿಲ್ ಪೂರ್ತಿ ಅದ್ರೊಳ್ಗೇ ಹೋಗಿ ಬೇರಿಂಗಿಗೆ ಹೋಗ್ಬೇಕು, ಅದಕ್ಕೇ ಅದ್ರ ಪೇಪರ್ ಸ್ವಲ್ಪ ದೊರಗಾಗೇ ಇರ್ಬೇಕು, ಇಪ್ಪತ್ತು ಮೂವತ್ತು ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಲ್ಲಿ ಸಾವಿರದ ಒಂದು ಪಾಲು) ಕಸ ಹಿಡಿಯುತ್ತೆ, ಅದಕ್ಕಿಂತ ಸಣ್ಣದು ಜಾಸ್ತಿ ನುಸುಳ್ಕೊಂಡು ಹೋಗುತ್ತೆ. ಬೈಪಾಸಿಗೆ ಹೋಗೋದು ನೂರಕ್ಕೆ ಐದೋ ಹತ್ತೋ ಪಾಲು ಆಯಿಲ್ ಅಷ್ಟೆ, ಒಂದು ಸಣ್ಣ ತೂತಲ್ಲಿ ನಿಧಾನಕ್ಕೆ ಹೋಗಿ ತುಂಬಾ ಒತ್ತಾದ ಫಿಲ್ಟರಲ್ಲಿ ಸೋಸಿ, ವಾಪಸ್ ಚೇಂಬರಿಗೆ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಬೀಳುತ್ತೆ. ಗಾಡಿ ಓಡ್ತಾ ಓಡ್ತಾ ಎಲ್ಲಾ ಆಯಿಲ್ಲೂ ಅದ್ರಲ್ಲಿ ಸುತ್ತಿ ಬರುತ್ತೆ, ಎರಡು ಮೂರು ಮೈಕ್ರಾನ್ ಕಸಾನೂ ಹಿಡಿಯುತ್ತೆ. ಇಷ್ಟು ನಿಜ. ಇಷ್ಟು ನಿಜ ಇರೋದಕ್ಕೇ ಇವ್ರು ಅದ್ರ ಮೇಲೆ ಸುಳ್ಳು ಕಟ್ಟಿ ಮಾರ್ತಿರೋದು.

ಡೆಮೋ ಹೆಂಗಿತ್ತು ಅಂದ್ರೆ, ಮಾರೋಕ್ ಬಂದೋನು ಒಂದು ಬಾಟ್ಲಿ ಕರೀ ಆಯಿಲ್ ತಂದಿದ್ದ, ಡಬ್ಬಿ ಮೇಲಿಂದ ಹುಯ್ದ, ಕೈಪಂಪಲ್ಲಿ ಒತ್ತಿದ, ಕೆಳಗಡೆಯಿಂದ ಜೇನುತುಪ್ಪದ ಥರ ಆಯಿಲ್ ಬಂತು. ಬಿಳೀ ಟಿಶ್ಯೂ ಮೇಲೆ ಒಂದು ತೊಟ್ಟು ಬಿಟ್ಟು ತೋರಿಸ್ದ, ಕಲೆನೇ ಇಲ್ಲ. ಸುತ್ತ ನಿಂತಿದ್ದ ಡ್ರೈವರ್‌ಗಳು ಎಲ್ಲಾ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡ್ರು. ಆಮೇಲೆ ಅಮೆರಿಕಾದ ಒಂದು ರಿಪೋರ್ಟ್ ತೋರಿಸ್ದ, ಇಡಾಹೋ ನ್ಯಾಷನಲ್ ಲ್ಯಾಬೊರೇಟರಿ ಅಂತ, ಅವ್ರು ಬಸ್ಸುಗಳಿಗೆ ಇದೇ ಥರದ್ದು ಹಾಕಿ ಆಯಿಲ್ ಚೇಂಜ್ ಇಲ್ದೇ ಓಡಿಸಿದಾರೆ ಅಂತ. ಒಂದ್ಸಲ ಆಯಿಲ್ ಚೇಂಜ್ ಅಂದ್ರೆ ಫಿಲ್ಟರು ಲೇಬರ್ರು ಎಲ್ಲಾ ಸೇರಿ ಎಷ್ಟು ಖರ್ಚಾಗುತ್ತೆ ಅಂತ ನಿಮ್ಗೂ ಗೊತ್ತಲ್ಲ, ಬಾಡಿಗೆ ಗಾಡಿ ಇಟ್ಕೊಂಡೋನಿಗೆ ಆ ಲೆಕ್ಕ ಹೇಳಿದ್ರೆ ಸಾಕು.

ಫಿಟ್ಟಿಂಗ್ ಅರ್ಧ ದಿನದ ಕೆಲ್ಸ. ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಅಲ್ಲಿ ಒಂದು ಟಿ (ಮೂರು ಬಾಯಿ ಜಾಯಿಂಟು) ಹಾಕಿ, ಅಲ್ಲಿಂದ ಹೋಸ್ ಎಳೆದು ಡಬ್ಬಿಗೆ, ಡಬ್ಬಿಯಿಂದ ರಿಟರ್ನ್ ಆಯಿಲ್ ಕ್ಯಾಪಿಗೆ ತೂತು ಹೊಡ್ದು.

ಸ್ವಲ್ಪ ದಿನ ಚೆನ್ನಾಗೇ ಇತ್ತು. ಡ್ರೈವರ್ ಹುಡ್ಗ ಖುಷೀಲಿದ್ದ, "ಅಣ್ಣ ಆಯಿಲ್ ಕುಡೀತಾನೇ ಇಲ್ಲ, ಡಿಪ್‌ಸ್ಟಿಕ್ಕಲ್ಲಿ ಲೆವೆಲ್ ಜಾಸ್ತಿನೇ ಇದೆ" ಅಂತ. ಇದನ್ನ ಆ ಮಾರಿದೋನಿಗೆ ವಾಟ್ಸಾಪಲ್ಲಿ ಕಳ್ಸಿದ್ರೆ "ನೋಡಿದ್ರಾ ಸರ್ ನಮ್ ಪ್ರಾಡಕ್ಟು" ಅಂತ ಎರಡು ಕೈಮುಗಿಯೋ ಇಮೋಜಿ. ಲೆವೆಲ್ ಜಾಸ್ತಿ ಆಗೋದು ಅಂದ್ರೆ ಏನು ಸ್ವಾಮಿ? ಆಯಿಲ್ ಮರಿ ಹಾಕುತ್ತಾ? ಅದು ಡೀಸೆಲ್ಲು! ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ, ಹೊಗೆ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ, ಡಿಪಿಎಫಲ್ಲಿ ಮಸಿ ಸುಡೋಕೆ ಇಂಜಿನ್ನು ಹೆಚ್ಚುವರಿ ಡೀಸೆಲ್ ಬಿಡುತ್ತೆ, ಅದ್ರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡ್ಕೊಂಡು ಚೇಂಬರಿಗೆ ಇಳ್ದು ಆಯಿಲ್ ಜೊತೆ ಸೇರ್ಕೊಳ್ಳುತ್ತೆ. ಊರೊಳ್ಗೆ ನಿಂತು ನಿಂತು ಓಡೋ ಗಾಡಿಗೆ ಇನ್ನೂ ಜಾಸ್ತಿ. ಈ ಡೀಸೆಲ್ನ ಯಾವ ಪೇಪರ್ ಫಿಲ್ಟರೂ ಸೋಸಲ್ಲ, ಅದು ಕಸ ಅಲ್ಲ, ಆಯಿಲಲ್ಲಿ ಕರಗಿರೋದು.

ಧರ್ಮಸ್ಥಳದಿಂದ ವಾಪಸ್ ಬರ್ತಾ, ಶಿರಾಡಿ ಘಾಟಿ ಹತ್ತಿ ದೋಣಿಗಲ್ ಹತ್ರ ಟೀಗೆ ನಿಲ್ಸಿದಾಗ ಐಡ್ಲಿಂಗಲ್ಲಿ ಆಯಿಲ್ ಲೈಟ್ ಮಿಣುಕ್ ಮಿಣುಕ್ ಅಂತ ಹೊಡೀತಿತ್ತಂತೆ. ಆಕ್ಸಿಲರೇಟರ್ ಒತ್ತಿದ್ರೆ ಹೋಗುತ್ತೆ, ಬಿಟ್ರೆ ಮತ್ತೆ ಬರುತ್ತೆ. ಹುಡ್ಗ ಅಲ್ಲಿಂದಾನೇ ಫೋನ್ ಮಾಡ್ದ, ನಾನು ಆ ಮಾರಿದೋನಿಗೆ ಫೋನ್ ಮಾಡ್ದೆ. ಉತ್ತರ ಕೇಳಿ: "ಸರ್ ಅದು ಸೆನ್ಸರ್ ಪ್ರಾಬ್ಲಂ. ಆಯಿಲ್ ತುಂಬಾ ಕ್ಲೀನ್ ಆಗಿರೋದ್ರಿಂದ ಸೆನ್ಸರಿಗೆ ಅಡ್ಜಸ್ಟ್ ಆಗೋಕೆ ಟೈಮ್ ಬೇಕು." ಆಯಿಲ್ ಕ್ಲೀನಾದ್ರೆ ಸೆನ್ಸರಿಗೆ ಬೇಜಾರಾಗುತ್ತಂತೆ! ಇದನ್ನ ಎಷ್ಟು ಧೈರ್ಯವಾಗಿ ಹೇಳ್ದ ಅಂದ್ರೆ, ಫೋನ್ ಇಟ್ಮೇಲೆ ಒಂದ್ ನಿಮಿಷ ನಾನೂ ಹೌದೇನೋ ಅನ್ಕೊಂಡೆ.

ಗಾಡಿ ಹಾಸನಕ್ಕೆ ಬಂದ್ಮೇಲೆ ನಮ್ ಹಳೇ ಮೇಸ್ತ್ರಿ ಹತ್ರ ಬಿಟ್ಟೆ. ಅವ್ರು ಒಂದ್ ಮಾತೂ ಆಡ್ಲಿಲ್ಲ, ಟಿ ಹತ್ರ ಹೋಸ್ ಬಿಚ್ಚಿ ಆ ಫಿಟ್ಟಿಂಗ್ ಕೈಯಲ್ಲಿಟ್ಕೊಂಡು ಬೆಳಕಿಗೆ ಹಿಡ್ದು "ಅಣ್ಣ ಇಲ್ ನೋಡಿ" ಅಂದ್ರು. ಆ ಕಡೆಯಿಂದ ಈ ಕಡೆಗೆ ಆರಾಮಾಗಿ ಆಕಾಶ ಕಾಣ್ತಿತ್ತು. ಅಲ್ಲಿ ಒಂದು ಜೆಟ್ ಇರ್ಬೇಕಿತ್ತಂತೆ, ಗುಂಡುಸೂಜಿ ತಲೆಯಷ್ಟು ತೂತಿರೋದು. ಹಳೇ ಜೀಪಿನ ಡಬ್ಬೀಲೂ ಅದು ಇರ್ತಿತ್ತು, ಬೈಪಾಸ್ ಅಂದ್ರೆ ಅದಿರ್ಲೇಬೇಕು ಅಂದ್ರು. ಅದಿಲ್ಲ ಅಂದ್ರೆ ಐದು ಪರ್ಸೆಂಟ್ ಅಲ್ಲ, ಬೇರಿಂಗಿಗೆ ಹೋಗ್ಬೇಕಾದ ಆಯಿಲ್ ಸಿಕ್ಕಾಪಟ್ಟೆ ಆ ಡಬ್ಬಿ ಕಡೆ ಓಡುತ್ತೆ, ಬಿಸಿಯಾಗಿ ಐಡ್ಲಿಂಗಲ್ಲಿ ನಿಂತಾಗ ಪ್ರೆಶರ್ ಕುಸಿಯುತ್ತೆ. ಅದೇ ಆ ಲೈಟು. ಲೈಟ್ ನಿಜಾನೇ ಹೇಳ್ತಿತ್ತು, ಸುಳ್ಳು ಹೇಳ್ತಿದ್ದಿದ್ದು ಅವ್ನು. ಆ ತೂತಿನ ಫಿಟ್ಟಿಂಗ್ ನೋಡ್ದಾಗ ಆದ ಹೊಟ್ಟೆ ಉರಿ ಇನ್ನೂ ಆರಿಲ್ಲ. ಹತ್ತು ರೂಪಾಯಿ ಹಿತ್ತಾಳೆ ಜೆಟ್ಟು ಸ್ವಾಮಿ. 18,500 ತಗೊಂಡು ಹತ್ತು ರೂಪಾಯಿ ಜೆಟ್ ಹಾಕಿಲ್ಲ.

ಆ ಮಾರಿದೋನಿಗೆ ಫೋಟೋ ಕಳಿಸ್ದೆ. ಮೊದಲನೇ ಉತ್ತರ: "ನಿಮ್ ಮೆಕ್ಯಾನಿಕ್ಕಿಗೆ ಹೊಸ ಟೆಕ್ನಾಲಜಿ ಗೊತ್ತಿಲ್ಲ ಸರ್." ಮೂವತ್ತು ವರ್ಷದಿಂದ ಇಂಜಿನ್ ಬಿಚ್ತಿರೋರಿಗೆ ಗೊತ್ತಿಲ್ಲ, ಬಾಟ್ಲಿ ಹಿಡ್ಕೊಂಡು ತಿರುಗೋನಿಗೆ ಗೊತ್ತು. ಎರಡನೇದು: "ಫಿಟ್ಟಿಂಗ್ ಆದ್ಮೇಲೆ ಬೇರೆಯವ್ರು ಬಿಚ್ಚಿದ್ರೆ ವಾರಂಟಿ ಇಲ್ಲ." ಬಿಚ್ಚದೆ ಒಳಗಡೆ ಜೆಟ್ ಇಲ್ಲ ಅಂತ ಹೆಂಗ್ ಗೊತ್ತಾಗುತ್ತೆ?

ಮೇಸ್ತ್ರಿ ಮಾತಿಗೆ ಆಯಿಲ್ ಸ್ಯಾಂಪಲ್ ಬೆಂಗಳೂರಲ್ಲಿ ಲ್ಯಾಬಿಗೆ ಕಳ್ಸಿದ್ವಿ. ರಿಪೋರ್ಟಲ್ಲಿ ಸಿಲಿಕಾನ್, ಅಂದ್ರೆ ಧೂಳು, ಕಡ್ಮೆನೇ ಇತ್ತು. ಆದ್ರೆ 100 ಡಿಗ್ರೀಲಿ ವಿಸ್ಕಾಸಿಟಿ, ಅಂದ್ರೆ ಆಯಿಲ್ ಎಷ್ಟು ಮಂದ ಇದೆ ಅನ್ನೋದು, 10.8. ನಾವು ಹಾಕಿದ್ದು 15ಡಬ್ಲ್ಯೂ-40, ಆ ಗ್ರೇಡಿಗೆ ಕನಿಷ್ಠ 12.5 ಇರ್ಬೇಕು. ಡೀಸೆಲ್ ಬೆರ್ತು ತೆಳ್ಳಗಾಗಿದೆ. ಟಿಬಿಎನ್ ಅಂತ ಇರುತ್ತೆ, ಇಂಜಿನ್ ಒಳಗೆ ಹುಟ್ಟೋ ಆಸಿಡ್ ಹೊಡೆಯೋಕೆ ಆಯಿಲಲ್ಲಿ ಹಾಕಿರೋ ಮದ್ದಿನ ಲೆಕ್ಕ, ಅದೂ ಕೆಳಗೆ ಹೋಗಿತ್ತು. ಸೀಸ, ತಾಮ್ರ ಮೇಲಿತ್ತು, ಅಂದ್ರೆ ಬೇರಿಂಗ್ ತಿಂತಾ ಇದೆ. ಕಸ ಇಲ್ಲ, ಆದ್ರೆ ಆಯಿಲ್ಲಿಗೆ ಶಕ್ತೀನೂ ಇಲ್ಲ. ಡಬ್ಬಿ ಎಷ್ಟೇ ಒಳ್ಳೇದಿದ್ರೂ ಕಸ ತೆಗೀಬೋದು ಅಷ್ಟೆ, ಖರ್ಚಾದ ಮದ್ದನ್ನ ವಾಪಸ್ ಹಾಕೋಕಾಗಲ್ಲ. ಟಾಪಪ್ ಮಾಡಿದ್ರೆ ಸ್ವಲ್ಪ ಬರುತ್ತೆ ಅನ್ನೋಣ, ಆದ್ರೆ ಲೆವೆಲ್ಲೇ ಮೇಲೆ ಹೋಗ್ತಿರೋ ಗಾಡೀಲಿ ಏನ್ ಟಾಪಪ್ ಮಾಡ್ತೀರ?

ಈ ರಿಪೋರ್ಟನ್ನೂ ಅವ್ನಿಗೆ ಕಳಿಸ್ದೆ. ಏನ್ ಅಂದ ಗೊತ್ತಾ? "ಸಿಲಿಕಾನ್ ಕಡ್ಮೆ ಬಂದಿದೆ ಸರ್, ನಮ್ ಫಿಲ್ಟರ್ ಪಾಸ್. ಬೇರೆದು ಇಂಜಿನ್ ಪ್ರಾಬ್ಲಂ." ನಮ್ ಫಿಲ್ಟರ್ ಪಾಸ್! ಇಂಜಿನ್ ಹೋದ್ರೂ ಫಿಲ್ಟರ್ ಪಾಸ್! ಅದಾದ್ಮೇಲೆ ನಾನ್ ಕಳ್ಸಿದ ಮೆಸೇಜಿಗೆಲ್ಲಾ ಬರೀ ನೀಲಿ ಟಿಕ್ಕು, ಉತ್ತರ ಇಲ್ಲ.

ಅವ್ನು ತೋರಿಸಿದ ಆ ಅಮೆರಿಕಾ ರಿಪೋರ್ಟು ನಿಜವಾದ್ದೇ, ನಮ್ ಅಕ್ಕನ ಮಗ ಕೂತು ಓದಿ ಹೇಳ್ದ. ಆದ್ರೆ ಅವ್ರು ಬಸ್ಸಿಗೆ ಡಬ್ಬಿ ಹಾಕಿ ಬಿಟ್ಬಿಟ್ಟಿಲ್ಲ, 12,000 ಮೈಲಿಗೊಂದ್ಸಲ ಫಿಲ್ಟರ್ ಬದ್ಲಾಯ್ಸಿ, ಆಯಿಲ್ ಲ್ಯಾಬಲ್ಲಿ ಟೆಸ್ಟ್ ಮಾಡ್ಸಿ, ಆಯಿಲ್ ಇನ್ನೂ ಚೆನ್ನಾಗಿದೆ ಅಂತ ರಿಪೋರ್ಟ್ ಬಂದ್ರೆ ಮಾತ್ರ ಮುಂದಕ್ಕೆ ಓಡ್ಸಿದಾರೆ. ಇವ್ನು ಆ ಪುಟ ತೋರಿಸ್ಲೇ ಇಲ್ಲ.

ಕಂಪನಿ ಸರ್ವಿಸ್ ಸೆಂಟರಿಗೆ ವಾರಂಟಿ ಕೇಳೋಕೆ ಹೋದ್ರೆ ಅಡ್ವೈಸರ್ ಬಗ್ಗಿ ನೋಡಿ ಮೊದ್ಲು ಆ ಟಿ ಫೋಟೋ ತೆಗ್ದ, ಜಾಬ್ ಕಾರ್ಡಲ್ಲಿ "ಹೊರಗಿನ ಫಿಟ್ಟಿಂಗ್" ಅಂತ ಬರ್ದ, ಮುಗೀತು. ಕಸ್ಟಮರುಗಳ ಮುಂದೆ ಜೋರಾಗಿ "ಯಾರ್ ಸರ್ ನಿಮ್ಗೆ ಇದನ್ನ ಹಾಕಿದ್ದು" ಅಂತ ಕೇಳ್ದಾಗ ಎಲ್ ಮುಖ ಇಟ್ಕೊಳ್ಳೋದು ಅಂತ ಗೊತ್ತಾಗ್ಲಿಲ್ಲ.

ಈಗ ಹಾಕ್ಸೋ ಯೋಚ್ನೇಲಿರೋರು, ವಾರಂಟಿ ಇರೋ ಗಾಡೀಲಿ ಪ್ರೆಶರ್ ಸ್ವಿಚ್ ಮುಟ್ಟೋಕೇ ಬಿಡ್ಬೇಡಿ. ವಾರಂಟಿ ಮುಗಿದಿದ್ರೆ ಜೆಟ್ ಎಲ್ಲಿದೆ, ಕೈಯಲ್ಲಿ ತೋರ್ಸು ಅನ್ನಿ, ತೋರ್ಸ್ಲಿಲ್ಲ ಅಂದ್ರೆ ಓಡ್ಸಿ. ಹೋಸ್ ಎಲ್ಲಾದ್ರೂ ಉಜ್ಜಿ ತೂತಾದ್ರೆ ಚೇಂಬರ್ ಖಾಲಿ ಆಗೋಕೆ ಜಾಸ್ತಿ ಹೊತ್ತು ಬೇಡ, ಅದೂ ತಲೇಲಿರ್ಲಿ. ಬಿಎಸ್6 ಗಾಡಿಗೆ ಆಯಿಲ್ ಚೇಂಜ್ ಬೇಡ ಅಂತ ಯಾರ್ ಹೇಳಿದ್ರೂ ಆ ಮಾತು ಅಲ್ಲಿಗೇ ನಿಲ್ಸಿ. ಅದೇ ದುಡ್ಡಲ್ಲಿ ಒಳ್ಳೆ ಸಿಕೆ-4 ದರ್ಜೆ ಡೀಸೆಲ್ ಇಂಜಿನ್ ಆಯಿಲ್ಲು, ಒರಿಜಿನಲ್ ಫಿಲ್ಟರು ಎಷ್ಟೋ ಸಲ ಬರುತ್ತೆ.

ಗ್ರಾಹಕರ ಆಯೋಗಕ್ಕೆ ಕಾಗದ ರೆಡಿ ಮಾಡ್ತಿದೀನಿ. ಬಿಲ್ಲಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ಅಡ್ರೆಸ್ಸೂ ಸರಿಯಾಗಿಲ್ಲ, ನೋಡೋಣ.

ಅವ್ನು ಈಗ ಚಿಕ್ಕಮಗಳೂರು ಕಡೆ ಸ್ಟ್ಯಾಂಡುಗಳಲ್ಲಿ ತಿರುಗ್ತಿದಾನಂತೆ, ಅದೇ ಬಾಟ್ಲಿ, ಅದೇ ಟಿಶ್ಯೂ. ಬಂದ್ರೆ ಅವ್ನ ಬಾಟ್ಲಿ ಪಕ್ಕಕ್ಕಿಡ್ಸಿ, ನಿಮ್ ಗಾಡಿ ಚೇಂಬರಿಂದಾನೇ ಆಯಿಲ್ ಇಳಿಸಿ ಅದನ್ನ ಹುಯ್ದು ತೋರ್ಸು ಅನ್ನಿ. ಡೀಸೆಲ್ ಇಂಜಿನ್ ಮಸಿ ಒಂದು ಮೈಕ್ರಾನಿಗಿಂತ ಸಣ್ಣದು, ಒಂದೇ ಸಲಕ್ಕೆ ಹಂಗೆ ಬೆಳ್ಳಗಾಗಲ್ಲ. ನಾನು ಆಮೇಲೆ ಕೇಳಿದ್ದಕ್ಕೆ "ಡೆಮೋ ಯೂನಿಟ್ ಬೇರೆ ಸರ್" ಅಂದಿದ್ದ. ನಿಮ್ಗೆ ಏನಂತಾನೆ, ವಿಡಿಯೋ ಮಾಡಿ ನಂಗೂ ಕಳ್ಸಿ, ಕಾಗದದ ಜೊತೆ ಸೇರಿಸ್ತೀನಿ.