ಹಳೇ 207ಕ್ಕೆ ಸಫಾರಿಯ ಟಿಲ್ಟ್ ಸ್ಟೇರಿಂಗ್: ಹುಬ್ಬಳ್ಳಿ ಗೋಕುಲ ರಸ್ತೆಯ ಮಿಸ್ತ್ರಿ ಮಾಡಿಕೊಟ್ಟ ಕೆಲಸ

ನಮ್ಮದು 2012ರ ಟಾಟಾ 207 ಪಿಕಪ್. ನವಲೂರಿನ ತೋಟದಿಂದ ಅಮರಗೋಳದ ಎಪಿಎಂಸಿಗೆ ಪೇರಲ ಹೊತ್ತು ಹೊತ್ತು ಅದರ ಹಿಂದಿನ ಡಾಲಾ (ಸರಕು ತುಂಬುವ ತೊಟ್ಟಿ) ಎರಡು ಸಲ ಬದಲಾಗಿದೆ, ಎಂಜಿನ್ ಮಾತ್ರ ಇನ್ನೂ ಗಟ್ಟಿ. ಓಡಿಸುವುದು ಅಪ್ಪ. ಹೋದ ವರ್ಷ ಅವರ ಎಡ ಮೊಣಕಾಲಿನ ಆಪರೇಷನ್ ಆಯಿತು. ಗಾಡಿ ಓಡಿಸಬಹುದು ಅಂತ ಡಾಕ್ಟರು ಆರು ತಿಂಗಳ ಮೇಲೆ ಒಪ್ಪಿದರು. ಆದರೆ ಹತ್ತುವಾಗ ಎಡಗಾಲು ಮೊದಲು ಒಳಗೆ ಹೋಗಬೇಕು, ಸ್ಟೇರಿಂಗ್ ಚಕ್ರದ ಕೆಳಗೆ ನುಸುಳಬೇಕು. ಕಾಲು ಅಷ್ಟು ಮಡಚುವುದಿಲ್ಲ. ಇಳಿಯುವಾಗ ಎರಡೂ ಕೈಯಿಂದ ತೊಡೆ ಹಿಡಿದು ಕಾಲನ್ನು ಎತ್ತಿ ಹೊರಗೆ ಹಾಕುತ್ತಿದ್ದರು. ಅದನ್ನು ದಿನಾ ನೋಡಲು ಆಗಲಿಲ್ಲ. ಗಾಡಿ ಮಾರೋಣ ಅಂದರೆ ಅಪ್ಪ ಆ ಮಾತೇ ಎತ್ತಬೇಡ ಅಂದರು. ಹಾಗಾಗಿ ಚಕ್ರವನ್ನೇ ಮೇಲೆ ಎತ್ತುವ ಹಾಗೆ ಮಾಡೋಣ ಅಂತ ಹೊರಟೆ.

207, ಸುಮೊ, ಸಫಾರಿ ಎಲ್ಲ ಒಂದೇ ಮನೆತನದವು. 1988ರಲ್ಲಿ ಬಂದ ಟಾಟಾಮೊಬೈಲ್ ಪಿಕಪ್ಪಿನ ಬುನಾದಿ ಮೇಲೆಯೇ 1994ರಲ್ಲಿ ಸುಮೊ ಬಂತು, 1998ರಲ್ಲಿ ಸಫಾರಿ ಬಂತು. ಸಫಾರಿಯಲ್ಲಿ ಟಿಲ್ಟ್ ಸ್ಟೇರಿಂಗ್ ಇದೆ. ಲಿವರ್ ಬಿಟ್ಟರೆ ಚಕ್ರ ಮೇಲೆ ಕೆಳಗೆ ಆಗುತ್ತದೆ. ಗುಜರಿಯಲ್ಲಿ ಒಂದು ಸಫಾರಿ ಕಾಲಂ (ಚಕ್ರವನ್ನು ಹೊತ್ತು ನಿಲ್ಲುವ, ಒಳಗೆ ಶಾಫ್ಟ್ ಇರುವ ಕೊಳವೆ) ಸಿಕ್ಕರೆ ಕೂರಿಸಬಹುದು ಅಂತ ನನ್ನ ಲೆಕ್ಕ. ಒಂದೇ ಮನೆತನ ಅಂದ ಮಾತ್ರಕ್ಕೆ ಬೋಲ್ಟಿನ ತೂತು ಒಂದೇ ಕಡೆ ಇರುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮೊದಲು ಹೋದದ್ದು ಬೇರೆ ಗ್ಯಾರೇಜಿಗೆ, ಅದರ ಹೆಸರು ಬೇಡ. ಅಲ್ಲಿನವರು ಕಾಲಂ ನೋಡುವ ಮೊದಲೇ ಹೇಳಿದ್ದು ಒಂದೇ ಮಾತು: "ಉದ್ದ ಹೆಚ್ಚುಕಮ್ಮಿ ಆದ್ರ ಶಾಫ್ಟ್ ಕಟ್ ಮಾಡಿ ವೆಲ್ಡ್ ಹೊಡದ್ರಾತು, ಸಂಜಿಗೆ ಗಾಡಿ ಒಯ್ರಿ." ಅಲ್ಲಿದ್ದ ಹುಡುಗ ಚಕ್ರದ ನಟ್ ಬಿಚ್ಚಿ, ಚಕ್ರ ಬರಲಿಲ್ಲ ಅಂತ ಶಾಫ್ಟಿನ ತುದಿಗೆ ಸುತ್ತಿಗೆ ಎತ್ತಿದ. ನಾನು ಕೈ ಹಿಡಿದು ನಿಲ್ಲಿಸಿ, ನಟ್ ವಾಪಸ್ ಬಿಗಿಸಿಕೊಂಡು ಬಂದೆ.

ಆಮೇಲೆ ಎಪಿಎಂಸಿಯ ಹಮಾಲರೊಬ್ಬರು ಹೇಳಿದ್ದು ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗಿರುವ ಈ ಗ್ಯಾರೇಜು. ಬೋರ್ಡ್ ಇಲ್ಲ, ಎರಡು ಶೆಡ್, ಮುಂದೊಂದು ಬೇವಿನ ಮರ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಾರೆ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಕ್ಕೆ ಹಾಕಿಲ್ಲ.

ವೆಲ್ಡಿಂಗ್ ಮಾತು ಕೇಳಿದ ಕೂಡಲೇ ಚಾಚಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. "ತಮ್ಮಾ, ಡಾಲಾ ವೆಲ್ಡ್ ಬಿಟ್ರ ಡಾಲಾ ಬೀಳತೈತಿ. ಸ್ಟೇರಿಂಗ್ ಶಾಫ್ಟ್ ಬಿಟ್ರ ಚಕ್ರ ನಿಮ್ಮಪ್ಪನ ಕೈಯಾಗ ಸುಮ್ನ ತಿರಗತೈತಿ, ಗಾಡಿ ತಿರಗಂಗಿಲ್ಲ. ನಾ ಆ ಕೆಲಸ ಮಾಡಂಗಿಲ್ಲ." ಆ ಮಾತಿಗೇ ನಾನು ಅಲ್ಲಿ ಗಾಡಿ ಬಿಟ್ಟೆ.

ಕಾಲಂ ತರಲು ಅವರೇ ನನ್ನ ಜೊತೆ ಹಳೇ ಹುಬ್ಬಳ್ಳಿ ಕಡೆಯ ಗುಜರಿಗೆ ಬಂದರು. ಇದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ, ಮಧ್ಯಾಹ್ನ ಗಿರ್ಮಿಟ್ ಮಿರ್ಚಿ ಮಾತ್ರ ನನ್ನದು. ಅಲ್ಲಿ ಎರಡು ಸಫಾರಿ ಕಾಲಂ ಇದ್ದವು. ಹೊಳೆಯುತ್ತಿದ್ದ ಒಂದನ್ನು ನಾನು ಎತ್ತಿಕೊಂಡೆ. ಚಾಚಾ ಅದನ್ನು ವಾಪಸ್ ಇಡಿಸಿದರು. ಅಪಘಾತದಲ್ಲಿ ಡ್ರೈವರನ ಎದೆಗೆ ಚುಚ್ಚಬಾರದು ಅಂತ ಇಂಥ ಕಾಲಂ ತನ್ನೊಳಗೇ ಮಡಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಎರಡು ತುಂಡನ್ನು ಹಿಡಿದಿಡುವುದು ಸಣ್ಣ ಪ್ಲಾಸ್ಟಿಕ್ ಪಿನ್ನುಗಳು. ಮುಂದಿನಿಂದ ಗುದ್ದಿಸಿಕೊಂಡ ಗಾಡಿಯದಾದರೆ ಆ ಪಿನ್ ಮುರಿದು ಕಾಲಂ ಆಗಲೇ ಒಂದಿಷ್ಟು ಕುಗ್ಗಿರಬಹುದು. ಸುತ್ತಿಗೆ ಏಟಿಗೂ ಅದೇ ಗತಿ, ಆ ಹುಡುಗ ಮಾಡಹೊರಟಿದ್ದು ಅದನ್ನೇ. ಚಾಚಾ ಎರಡನ್ನೂ ಪಕ್ಕಪಕ್ಕ ಮಲಗಿಸಿ ಟೇಪ್ ಹಿಡಿದರು. ಹೊಳೆಯುವುದು ಒಂದೂವರೆ ಸೆಂಟಿಮೀಟರ್ ಗಿಡ್ಡ ಇತ್ತು! ಧೂಳು ಹಿಡಿದಿದ್ದ ಇನ್ನೊಂದು ಸರಿಯಾಗಿತ್ತು.

ಗುಜರಿಯವರು 4500 ಹೇಳಿದರು. ಚಕ್ರ, ಕಾಂಬಿನೇಷನ್ ಸ್ವಿಚ್ (ಚಕ್ರದ ಕೆಳಗಿನ ಲೈಟ್, ಇಂಡಿಕೇಟರ್ ಸ್ವಿಚ್), ಕೆಳಗಿನ ಜಾರುವ ಶಾಫ್ಟ್ ಎಲ್ಲ ಸೇರಿಸಿ 3200ಕ್ಕೆ ಮುಗಿಯಿತು. ಚಕ್ರ ಯಾಕೆ ಅಂದರೆ ನಮ್ಮ ಹಳೇ ಚಕ್ರದ ಹಲ್ಲು ಈ ಶಾಫ್ಟಿನ ಹಲ್ಲಿಗೆ ಕೂರುವುದಿಲ್ಲ. ಬಿಲ್ ಕೊಡಲು ಸ್ವಲ್ಪ ಎಳೆದಾಡಿದರು. ಯಾವ ಗಾಡಿಯ ಸಾಮಾನು ಅಂತ ಬರೆಸಿಕೊಳ್ಳದೆ ಚಾಚಾ ಅಲ್ಲಿಂದ ಏಳಲಿಲ್ಲ. ಕದ್ದ ಗಾಡಿಯ ಸಾಮಾನು ನಮ್ಮ ಗಾಡಿಯಲ್ಲಿ ಕೂರಬಾರದು ಅಲ್ವಾ.

ಕೆಲಸ ಎರಡು ದಿನ ಹಿಡಿಯಿತು. ಮೊದಲ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಬ್ಯಾಟರಿ ವೈರ್ ಬಿಚ್ಚಿ, ಮುಂದಿನ ಗಾಲಿ ನೇರ ಮಾಡಿ, ಪುಲ್ಲರ್ (ಚಕ್ರವನ್ನು ಎಳೆದು ತೆಗೆಯುವ ಸಾಧನ) ಹಾಕಿ ಹಳೇ ಚಕ್ರ ತೆಗೆದರು. ಸುತ್ತಿಗೆ ಹತ್ತಿರಕ್ಕೂ ತರಲಿಲ್ಲ. ನನಗೆ ಹೊಸದಾಗಿ ಕಂಡದ್ದು ಇಗ್ನಿಷನ್ ಲಾಕ್ ಬಿಚ್ಚಿದ ರೀತಿ. ಅದರ ಬೋಲ್ಟಿಗೆ ತಲೆಯೇ ಇರುವುದಿಲ್ಲ. ಬಿಗಿಸುವಾಗ ತಲೆ ತಾನಾಗಿ ಮುರಿದು ಬೀಳುವ ಹಾಗೆ ಇರುತ್ತದೆ, ಕಳ್ಳರು ಬಿಚ್ಚಬಾರದು ಅಂತ. ಚಾಚಾ ಕಿರುಬೆರಳಿನಷ್ಟು ಉಳಿಯನ್ನು ಆ ಬೋಲ್ಟಿನ ಅಂಚಿಗೆ ಓರೆಯಾಗಿ ಇಟ್ಟು, ಟಕ್ ಟಕ್ ಅಂತ ಮೆಲ್ಲಗೆ ತಟ್ಟುತ್ತ, ಗಡಿಯಾರದ ಮುಳ್ಳಿನಷ್ಟು ನಿಧಾನಕ್ಕೆ ಅದನ್ನು ತಿರುಗಿಸಿ ಹೊರಗೆ ತೆಗೆದರು. ಹಾಗೆ ನಮ್ಮ ಹಳೇ ಲಾಕ್ ಹೊಸ ಕಾಲಂಗೆ ಬಂತು, ಕೀ ಅದೇ ಉಳಿಯಿತು. ವಾಪಸ್ ಹಾಕುವಾಗ ಅದೇ ತರದ ಹೊಸ ಬೋಲ್ಟ್ ತರಿಸಿದರು, ಮಾಮೂಲಿ ಬೋಲ್ಟ್ ಹಾಕಲಿಲ್ಲ.

ಡ್ಯಾಶ್‌ಬೋರ್ಡ್ ಕೆಳಗಿನ ಬ್ರಾಕೆಟ್ಟಿನ ತೂತು ಹೊಂದಲಿಲ್ಲ. ದಪ್ಪ ತಗಡಿನ ಪಟ್ಟಿ ಕತ್ತರಿಸಿ, ತೂತು ಹಾಕಿ, ಬೋಲ್ಟಿನಿಂದಲೇ ಕೂರಿಸಿದರು. ಉದ್ದದ ಹೆಚ್ಚುಕಮ್ಮಿಯನ್ನು ಒಂದರೊಳಗೊಂದು ಜಾರುವ ಕೆಳಗಿನ ಶಾಫ್ಟ್ ನುಂಗಿಕೊಂಡಿತು, ಎಲ್ಲೂ ಕತ್ತರಿಸುವ ಪ್ರಸಂಗವೇ ಬರಲಿಲ್ಲ. ಕ್ರಾಸ್ (ಎರಡು ಶಾಫ್ಟನ್ನು ಓರೆಯಲ್ಲೂ ತಿರುಗುವ ಹಾಗೆ ಜೋಡಿಸುವ ಕೀಲು) ಒಂದು ಸವೆದಿತ್ತು, 650ಕ್ಕೆ ಹೊಸದು. ಅದರ ಬೋಲ್ಟ್ ಶಾಫ್ಟಿನ ಕಚ್ಚಿನಲ್ಲೇ ಹಾದು ಹೋಗಿದೆಯೇ ಅಂತ ಟಾರ್ಚ್ ಹಿಡಿದು ನನಗೂ ತೋರಿಸಿದರು. ಕಚ್ಚಿನಲ್ಲಿ ಕೂರದಿದ್ದರೆ ಬೋಲ್ಟ್ ಬಿಗಿಯಾಗೇ ಕಾಣುತ್ತದೆ, ಒಂದು ದಿನ ಶಾಫ್ಟ್ ಜಾರಿ ಹೊರಗೆ ಬರುತ್ತದೆ. ಇಂಥ ಕೆಲಸ ಎಲ್ಲಿ ಮಾಡಿಸಿದರೂ ಇದೊಂದನ್ನು ಕಣ್ಣಾರೆ ನೋಡಿ.

ವೈರಿಂಗಿಗೆ ಇನ್ನೊಬ್ಬರು ಬಂದರು. ಕನೆಕ್ಟರ್ ಬೇರೆ ಇದ್ದದ್ದಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ವೈರ್ ಹುಡುಕಿ ಸೇರಿಸಿದರು. ಎರಡು ತಾಸು, 500 ರೂಪಾಯಿ.

ಎರಡನೇ ದಿನ ಸಂಜೆ ಟ್ರಯಲ್. ಉಣಕಲ್ ಕೆರೆ ದಾಟುವಷ್ಟರಲ್ಲಿ ನನಗೆ ಏನೋ ಸರಿ ಅನ್ನಿಸಲಿಲ್ಲ. ಚಕ್ರ ಒಂದು ಸುತ್ತು ತಿರುಗುವುದರೊಳಗೆ ಎರಡು ಕಡೆ ಭಾರ, ಎರಡು ಕಡೆ ಹಗುರ. ಸುಮ್ನೆ ನನ್ನ ಭ್ರಮೆ ಇರಬೇಕು ಅಂದುಕೊಂಡು ಹೇಳಿದೆ. ಚಾಚಾ ತಾವೇ ಓಡಿಸಿ ನೋಡಿದರು, ಮರುಮಾತಿಲ್ಲದೆ ಭೈರಿದೇವರಕೊಪ್ಪದಿಂದಲೇ ಗಾಡಿ ತಿರುಗಿಸಿದರು. ಮೇಲಿನ ಕ್ರಾಸಿನ ಕವಲು ಮತ್ತು ಕೆಳಗಿನ ಕ್ರಾಸಿನ ಕವಲು ಒಂದೇ ಸಾಲಿನಲ್ಲಿ ಇರಬೇಕು. ಜಾರುವ ಶಾಫ್ಟ್ ಸೇರಿಸುವಾಗ ಹುಡುಗರು ಸಾಲು ತಪ್ಪಿಸಿದ್ದರು. ಬಿಚ್ಚಿ, ಸುಣ್ಣದ ಗೆರೆ ಎಳೆದು ಹೊಂದಿಸಿ ಹಾಕಿದ ಮೇಲೆ ಚಕ್ರ ಬೆಣ್ಣೆಯ ಹಾಗೆ ತಿರುಗಿತು. ಆಮೇಲೆ ಆ ತುದಿಯಿಂದ ಈ ತುದಿಗೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧಕ್ಕೆ ನಿಲ್ಲಿಸಿ, ಚಕ್ರವನ್ನು ನೇರ ಕೂರಿಸಿದರು. ಲಿವರ್ ಬಿಗಿ ಮಾಡಿದ ಮೇಲೂ ಚಕ್ರ ಸ್ವಲ್ಪ ಅಲ್ಲಾಡುತ್ತಿತ್ತು. ಲಿವರ್ ತೆಗೆದು ಒಂದು ಹಲ್ಲು ಮುಂದೆ ಹಾಕಿದ ಮೇಲೆ ಅದೂ ನಿಂತಿತು.

ಲೇಬರ್ 2500. ಕಾಲಂ, ಕ್ರಾಸ್, ವೈರಿಂಗ್ ಎಲ್ಲ ಸೇರಿ 6850 ಆಯಿತು. ಮೊದಲ ಗ್ಯಾರೇಜಿನವರು ಎಲ್ಲ ಸೇರಿ 5000 ಅಂದಿದ್ದರು. ಮೇಲಿನ 1850 ಕೊಟ್ಟದ್ದು ನನಗೆ ಒಂದಿಷ್ಟೂ ಜಾಸ್ತಿ ಅನ್ನಿಸಿಲ್ಲ.

ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್) ಬಗ್ಗೆ ಕೇಳುವವರಿಗೆ ಒಂದು ಮಾತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಾ ಎಫ್‌ಸಿ. ಚಕ್ರದ ಪ್ಲೇ (ಗಾಲಿ ತಿರುಗದೆ ಚಕ್ರ ಮಾತ್ರ ಸುಮ್ನೆ ಆಡುವುದು) 30 ಡಿಗ್ರಿ ಮೀರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮ 98 ಹೇಳುತ್ತದೆ. ಚಾಚಾ ಚಕ್ರಕ್ಕೆ ಟೇಪ್ ಅಂಟಿಸಿ ಅಳೆದಾಗ ನಮ್ಮದು ಅದರ ಅರ್ಧವೂ ಇರಲಿಲ್ಲ. ಎರಡು ತಿಂಗಳ ನಂತರ ಎಫ್‌ಸಿ ತೊಂದರೆ ಇಲ್ಲದೆ ಆಯಿತು. ಬಿಲ್ ಜೊತೆಗೇ ಒಯ್ದಿದ್ದೆ.

ಕೊರತೆ ಎರಡು. ಹೇಳಿದ ದಿನಕ್ಕೆ ಕೆಲಸ ಶುರು ಆಗಲಿಲ್ಲ. ನಾಲ್ಕು ದಿನ ಗಾಡಿ ಬೇವಿನ ಮರದ ಕೆಳಗೇ ನಿಂತಿತ್ತು, ಆ ನಾಲ್ಕು ದಿನ ಹಣ್ಣು ಸಾಗಿಸಲು ಬಾಡಿಗೆ ಗಾಡಿ ಹಿಡಿದೆ. ಫೋನ್ ಮಾಡಿದರೆ ಎತ್ತುವುದೂ ಕಡಿಮೆ. ಇನ್ನೊಂದು, ಕಾಲಂ ಎಂಜಿನ್ ಕಡೆಗೆ ಇಳಿಯುವ ತೂತಿನ ರಬ್ಬರ್. ಹಳೇದನ್ನೇ ಹಾಕಿದ್ದರು. ಮೊದಲ ಜೋರು ಮಳೆಗೆ ಅಪ್ಪನ ಪಾದದ ಮೇಲೆ ನೀರು ಹನಿಯಿತು, ಎಂಜಿನ್ನಿನ ಬಿಸಿಯೂ ಒಳಗೆ ಬರುತ್ತಿತ್ತು. ಗಾಡಿ ಒಯ್ದಾಗ ಹೊಸ ರಬ್ಬರ್ ಹಾಕಿದರು, ದುಡ್ಡು ಮುಟ್ಟಲಿಲ್ಲ. ನೀವು ಹೋದರೆ ಮೊದಲೇ ಹೊಸ ರಬ್ಬರ್ ಹಾಕಿಸಿ.

ಬೆಳಿಗ್ಗೆ ಹತ್ತರ ನಂತರ ಹೋಗಿ, ಶುಕ್ರವಾರ ಮಧ್ಯಾಹ್ನ ಇರುವುದಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟ್ ಒಳಗೆ ಹೋಗಿ 207 ರಿಪೇರಿ ಮಾಡುವ ಚಾಚಾ ಅಂತ ಕೇಳಿದರೆ ತೋರಿಸುತ್ತಾರೆ.

ಈಗ ಅಪ್ಪ ಎಪಿಎಂಸಿಯಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಎಡಗೈಯಿಂದ ಲಿವರ್ ಬಿಡುತ್ತಾರೆ, ಚಕ್ರ ಮೇಲಕ್ಕೆ ತಳ್ಳುತ್ತಾರೆ, ಕಾಲು ತಾನೇ ಹೊರಗೆ ಬರುತ್ತದೆ. ತೊಡೆಗೆ ಕೈ ಹಚ್ಚುವುದಿಲ್ಲ.